ಕಾಗೆ ಮುಟ್ಟದ ಎಲೆ

ಈ ವರ್ಷವೂ ಕಾಗೆ ಬರಲಿಲ್ಲ.

ಅಂಗಳದ ಬಾಳೆಲೆಯ ಮೇಲೆ ಎಳ್ಳು ಬೆರೆಸಿದ ಬಲಿಯ ಅನ್ನ ಇಟ್ಟ ಹಾಗೇ ಇತ್ತು. ಲೀಲ ದರ್ಭೆಯುಂಗುರದ ಕೈಯನ್ನು ನೀರಿನಲ್ಲಿ ಅದ್ದಿ ಮತ್ತೆ ಮೂರು ಸಲ ಚಪ್ಪಾಳೆ ತಟ್ಟಿದಳು. ಓಣಿಯ ತುದಿಯಲ್ಲಿ ಮೀನು ಮಾರುವವನ ಸುತ್ತ ಕಾಗೆಗಳ ಸಂತೆಯೇ ನೆರೆದಿತ್ತು. ಒಂದಾದರೂ ಇತ್ತ ತಿರುಗಬಾರದೇ? ಕೊನೆಗೆ ಎರಡು ಬಂದವು, ಬೇಲಿಯ ಹಲಸಿನ ಮರದವರೆಗೆ. ಅಂಗಳದತ್ತ ಕತ್ತು ಚಾಚಿ ನೋಡಿ ಹಾರಿಹೋದವು.

ಮಗ ಷಿಬು ಕಬಿನಿ ದಾಟುವಾಗ ಹರಿಗೋಲು ಮಗುಚಿ ಮೂರು ವರ್ಷವಾಗಿತ್ತು. ಹೆಣ ಸಿಗಲಿಲ್ಲ. ಕರ್ಕಾಟಕ ಮಾಸದ ಅಮಾವಾಸ್ಯೆಯಂದು ಸತ್ತವರು ಕಾಗೆಯಾಗಿ ಬಂದು ಅನ್ನ ಮುಟ್ಟಬೇಕು. ಮೊದಲ ವರ್ಷ ಮುಟ್ಟದಿದ್ದಾಗ, "ನನ್ನ ಮಗ ಬದುಕಿದ್ದಾನೆ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದವಳು ಲೀಲಳೇ. ಈಗ ಅದನ್ನು ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತಿತ್ತು. ಆ ಒಂದು ಮಾತಿಗೆ ಕಟ್ಟುಬಿದ್ದು ಸೊಸೆ ಸರಿತ ಇನ್ನೂ ತಾಳಿ ತೆಗೆದಿರಲಿಲ್ಲ.

ಸರಿತಳಿಗೆ ಇಪ್ಪತ್ತೇಳು. ಕಲ್ಪೆಟ್ಟದಲ್ಲಿ ಚರ್ಚಿನ ಕಿಟಕಿಗಳಿಗೆ ಬಣ್ಣದ ಗಾಜು ಕೂಡಿಸುವ ಕಡೆ ಕೆಲಸ. ಉಳಿದ ಚೂರುಗಳನ್ನು ಚೀಲದಲ್ಲಿ ಮನೆಗೆ ತರುತ್ತಾಳೆ. ಅಂಚಿಗೆ ತಾಮ್ರದ ಪಟ್ಟಿ ಸುತ್ತಿ, ಬೆಸುಗೆ ಹಾಕಿ, ಅಂಗೈಯಗಲದ ಹಕ್ಕಿ ಮಾಡುತ್ತಾಳೆ. ಮಬ್ಬು ಗಾಜು ಅವಳಿಗೆ ಆಗದು, ಕಣ್ಣು ಕೋರೈಸುವಂಥದೇ ಆಗಬೇಕು. ಪ್ರತಿವರ್ಷ ಬಲಿಯ ಹಿಂದಿನ ದಿನ ಅವನ್ನೆಲ್ಲ ಅಂಗಳದ ಸುತ್ತ ತಂತಿಗೆ ತೂಗುಹಾಕುತ್ತಾಳೆ. ಇವತ್ತು ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದಿತ್ತು. ಹಕ್ಕಿಗಳು ಗಾಳಿಗೆ ಗಿರಗಿರನೆ ತಿರುಗಿ ಎಲೆಯ ಮೇಲೂ ಕೆಂಪು ಹಸಿರು ಬೆಳಕು ಚೆಲ್ಲುತ್ತಿದ್ದವು.

"ಇದೆಲ್ಲ ಯಾಕೆ ಮೋಳೇ?" ಎಂದು ಲೀಲ ನಿನ್ನೆ ಮಗಳನ್ನು ಕೇಳುವಂತೆ ಸೊಸೆಯನ್ನು ಕೇಳಿದ್ದಳು.

"ಅವ್ರಿಗೋಸ್ಕರ ಅಮ್ಮಾ. ಇಷ್ಟಾದ್ರೂ ಮಾಡ್ಬೇಡ್ವಾ?"

ಸರಿತಳ ಕೆಲಸದ ಕಡೆಯೇ ಗಾಜು ಕೊಯ್ಯುವ ಜಯನ್ ಎರಡು ಸಲ ಮನೆಗೆ ಬಂದು ಅವಳನ್ನು ಮದುವೆಗೆ ಕೇಳಿದ್ದ. ಚಿನ್ನದಂಥ ಹುಡುಗ. ಒಪ್ಪಿಕೋ ಎಂದು ಲೀಲ ತಾನೇ ಸೊಸೆಯ ಕೈ ಹಿಡಿದು ಬೇಡಿಕೊಂಡಿದ್ದಳು.

"ಕಾಗೆ ಅನ್ನ ಮುಟ್ಲಿ ಅಮ್ಮಾ. ಆಮೇಲೆ ನೀವು ಹೇಳ್ದಂಗೆ ಕೇಳ್ತೀನಿ."

ಈ ಅಮಾವಾಸ್ಯೆ ಕಳೆದರೆ ಜಯನ್‌ಗೆ ಬೇರೆ ಹೆಣ್ಣು ನೋಡುವುದೆಂದು ಅವನ ಮನೆಯವರು ಹೇಳಿ ಕಳಿಸಿದ್ದರು. ಅದಕ್ಕೇ ಲೀಲ ಈ ಸಲ ಷಿಬು ಇಷ್ಟಪಡುತ್ತಿದ್ದ ಹುರಿದ ಮೀನನ್ನೂ ಎಲೆಗೆ ಇಟ್ಟಿದ್ದಳು.

"ಬಾ ಮಗನೇ," ಎಂದಳು ಆಕಾಶಕ್ಕೆ ಮುಖ ಮಾಡಿ. "ಬಂದು ತಿಂದು ಹೋಗು. ಆ ಹುಡ್ಗೀನ ಬಿಟ್ಬಿಡು."

ಹೆತ್ತವಳು ಆಡಬಾರದ ಮಾತು.

ಮಧ್ಯಾಹ್ನವಾಯಿತು. ಅನ್ನ ಒಣಗಿತು. ಬಾಗಿಲಲ್ಲಿ ನಿಂತಿದ್ದ ಸರಿತ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಲೀಲ ಅವಳನ್ನು ಎದೆಗೊತ್ತಿಕೊಂಡು, "ತಪ್ಪೆಲ್ಲ ನಂದೇ ಮೋಳೇ," ಎಂದಳು. ಸರಿತ ಏನೋ ಹೇಳಹೋಗಿ ತುಟಿ ಕಚ್ಚಿಕೊಂಡು ಒಳಗೆ ಹೋದಳು.

ಎಲೆ ಮಡಚಿ ಹೊಳೆಗೆ ಬಿಡಲು ಹೊರಟ ಲೀಲ, ಬೇಲಿಯ ಬಳಿ ಪಕ್ಕದ ತೋಟದ ಕುಟ್ಟನ್ ಕಂಡೊಡನೆ ಕುಸಿದು ಕೂತಳು.

"ಅವ್ನು ಈ ಸಲಾನೂ ಬರ್ಲಿಲ್ಲ ಕುಟ್ಟಾ. ನನ್ ಒಂದು ಮಾತಿಂದ ಆ ಹುಡ್ಗಿ ಬಾಳು ಹಾಳಾಯ್ತು."

ಕುಟ್ಟನ್ ತಲೆ ತಗ್ಗಿಸಿಕೊಂಡೇ ಹೇಳಿದ:

"ನಿಮ್ಮಿಂದ ಅಲ್ಲ ಲೀಲೇಚಿ. ಮೊದ್ಲ ಬಲಿಗೆ ಮುಂಚೆ ಸರಿತ ನನ್ ಪೇರಲೆ ತೋಟಕ್ಕೆ ಬಂದು, ಕಾಗೆ ಹತ್ರ ಸುಳೀದಂಗೆ ಏನ್ ಮಾಡ್ಬೇಕು ಅಂತ ಕೇಳಿದ್ಲು. ಮಿನುಗೋದು ಏನಾದ್ರೂ ತೂಗುಹಾಕು ಅಂದೆ."