ನಾಲ್ಕನೆಯವಳ ಕಂಚು

ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯಲ್ಲಿರುವ ಹಾಗೆ, ಅವಳ ಪ್ರಾಣ ಆ ಕಂಚಿನ ಪದಕದಲ್ಲಿತ್ತು. ಎಂಟುನೂರು ಮೀಟರ್ ಓಟದಲ್ಲಿ ಅದು ಕೂದಲೆಳೆಯಲ್ಲಿ ತಪ್ಪಿ, ಅವಳು ನಾಲ್ಕನೆಯವಳಾಗಿದ್ದಳು. ಮೂರನೆಯವಳಾದ ರೋಹಿಣಿ ಉದ್ದೀಪನ ಮದ್ದು ತೆಗೆದುಕೊಂಡೇ ಓಡಿದ್ದಾಳೆ ಎಂದು ಆರು ವರ್ಷದಿಂದ ಕ್ರೀಡಾ ಸಂಘಕ್ಕೆ ಅರ್ಜಿ ಬರೆದೂ ಬರೆದೂ ಅವಳಿಗೆ ರೋಸಿಹೋಗಿತ್ತು.

ಇವತ್ತೂ ಕಾರ್ಯದರ್ಶಿಯ ಮೇಜಿನ ಮುಂದೆ ಕೂತಿದ್ದಳು.

“ಇನ್ನೆಷ್ಟು ಸಲ ಅಲೆಸ್ತೀರ ಸಾರ್? ನನ್ನ ಪದಕ ಆ ಕಳ್ಳಿ ಮನೆ ಶೋಕೇಸಲ್ಲಿ ಕೂತಿದೆ.”

“ಸಮಾಧಾನ ಮಾಡ್ಕೊಳಮ್ಮ. ಅವತ್ತು ಎತ್ತಿಟ್ಟಿದ್ದ ರೋಹಿಣಿ ಮೂತ್ರದ ಸೀಸೇನ ಹೊಸ ಮೆಷಿನ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದ್ವಿ. ನೀನು ಹೇಳಿದ್ದೇ ನಿಜ. ಸಿಕ್ಕಿಬಿದ್ಲು.”

ಅವಳ ಕಣ್ಣು ತುಂಬಿತು. “ಹಾಗಾದ್ರೆ ಪದಕ ನಂದೇ. ಯಾವತ್ತು ಕೊಡ್ತೀರ?”

“ಇನ್ನು ಹದಿನೈದು ದಿನ. ನಿನ್ನ ಸೀಸೇನೂ ಹಾಗೇ ಇಟ್ಟಿದೀವಲ್ಲ, ಅದನ್ನೂ ಅದೇ ಮೆಷಿನ್‌ಗೆ ಹಾಕಿ ನೋಡಿ ಆಮೇಲೆ ಕೊಡೋದು ನಿಯಮ. ಇಲ್ಲೊಂದು ಸಹಿ ಹಾಕು.”

ಪೆನ್ನು ಹಿಡಿದವಳು ಸಹಿ ಹಾಕದೆ ಅದನ್ನು ಮೇಜಿನ ಮೇಲಿಟ್ಟಳು.

“ಹೋಗ್ಲಿ ಬಿಡಿ ಸಾರ್. ಪಾಪ, ಅದು ಅವಳ ಹತ್ರಾನೇ ಇರ್ಲಿ.”