ಅಪ್ಪನ ರುಮಾಲು

ಈ ವಯಸ್ಸಿನಲ್ಲೂ ಮಗನ ಮನೆಯ ತಾರಸಿ ಮೇಲೆ ಮಂಗ ಓಡಿಸುತ್ತಾ ಕೂತಿದ್ದೇನೆ. ಒಣಗುವ ಹಸಿ ಶೇಂಗಾದ ವಾಸನೆಗೆ ಜಗಳೂರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಮೂರನೇ ಕ್ಲಾಸು. ಪೇಟೆಯ ಮಂಗಗಳು ಹೆಂಗಸರಿಗೆ, ಮಕ್ಕಳಿಗೆ ಹೆದರುತ್ತಿರಲಿಲ್ಲ. ಗಂಡಸರನ್ನು ಕಂಡರೆ ಮಾತ್ರ ಓಡುತ್ತಿದ್ದವು. ಅದಕ್ಕೆ ಅವ್ವ ಅವತ್ತು ಶಾಲೆ ತಪ್ಪಿಸಿ, ಅಪ್ಪನ ಬೆವರು ನಾರುವ ರುಮಾಲನ್ನು ನನ್ನ ತಲೆಗೆ ಸುತ್ತಿ, ಕೋಲು ಕೊಟ್ಟು ಶೇಂಗಾ ಒಣಹಾಕಿದ್ದ ಮಾಳಿಗೆ ಹತ್ತಿಸಿದಳು.

"ಮೆತ್ತಗೆ ಕೆಮ್ಮಬ್ಯಾಡ ಮೂದೇವಿ, ನಿಮ್ಮಪ್ಪನಂಗೆ ಕೆಮ್ಮು!" ಎಂದು ಕೆಳಗಿನಿಂದ ಕೂಗಿದಳು.

ಕೆಮ್ಮಿದೆ. ಮಂಗಗಳ ಹಿಂಡೇ ಓಡಿತು.

ಸಂಜೆ ಅವ್ವ ಅಪ್ಪನಿಗೆ ಹೇಳಿದಳು: "ಒಂದು ಕಾಯಿನೂ ಹೋಗಿಲ್ಲ ನೋಡ್ರಿ. ಇನ್ಮ್ಯಾಲೆ ಇವಳೇ ಕಾಯ್ಲಿ. ಸಾಲಿ ಬ್ಯಾಡ."

"ಆತು ಬಿಡು," ಅಂದ ಅಪ್ಪ. "ರುಮಾಲೂ ಅವಳಿಗೇ ಇರ್ಲಿ."

ನಾನು ಹಿಗ್ಗಿ, ಅದನ್ನು ಸುತ್ತಿಕೊಂಡೇ ಊಟಕ್ಕೆ ಕೂತೆ.