ಗೌರವ್ವನ ಕಿವಿಯಂತ್ರ

ಬೆಳಿಗ್ಗೆ ಚಹಾ ಕುಡಿಯುವಾಗ ಗದಗಿನ ಗೌರವ್ವನ ಕಿವಿಯಂತ್ರ ಎಂದಿನ ಸಪ್ಪೆ ದನಿಯಲ್ಲಿ ಹೇಳಿತು: "ನಮಸ್ಕಾರ. ನಿನ್ನೆ ನಿಮ್ಮ ಮಗ ನನ್ನ ತಂತ್ರಾಂಶ ತಿದ್ದಿದ್ದಾರೆ. ಇನ್ನು ನೀಲವ್ವ ಎಂಬ ಹೆಸರಿರುವ ಮಾತು ನಿಮಗೆ ಕೇಳಿಸುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ 'ಬ್ಯಾಡ' ಅನ್ನಿ."

ಮುಕ್ತ ತಂತ್ರಾಂಶದ ಪರವಾನಗಿ ಬದಲಾದ ಮೇಲೆ, ಯಾರು ಯಾವ ಯಂತ್ರವನ್ನು ತಿದ್ದಿದರೂ ಬಳಸುವವರಿಗೆ ಆ ಯಂತ್ರವೇ ಬಾಯಿಬಿಟ್ಟು ಹೇಳಬೇಕಿತ್ತು. ಹೋದ ವಾರ ಎದುರುಮನೆಯ ಫ್ರಿಜ್ಜು ಸೊಸೆಯ ಮೇಲೆ ಹೀಗೇ ಚಾಡಿ ಹೇಳಿತ್ತು.

ಆದರೆ ನೀಲವ್ವ ಗೌರವ್ವನ ಒಡಹುಟ್ಟಿದ ತಂಗಿ.

"ಬ್ಯಾಡ," ಎಂದಳು ಗೌರವ್ವ.

ಅಡುಗೆಮನೆಯಲ್ಲಿ ಮಗ ಗುರುಸಿದ್ಧ ಹೆಂಡತಿಗೆ ಹೇಳುತ್ತಿದ್ದುದು ಆಗ ಕೇಳಿಸಿತು: "ನೀಲವ್ವ ಚಿಗವ್ವ ದವಾಖಾನ್ಯಾಗ ಅವ್ವನ್ನ ಕೇಳಾಕತ್ತಾಳಂತ. ಇವತ್ತೋ ನಾಳಿನೋ ಅಂತಾರ ಡಾಕ್ಟರು."

"ಗುರುಸಿದ್ಧಾ!"

ಓಡಿ ಬಂದ ಮಗನಿಗೆ ತಾಯಿಯ ಮುಖ ನೋಡಿಯೇ ಎಲ್ಲ ತಿಳಿಯಿತು. "ಯವ್ವಾ, ನಿನ್ನ ಎದಿ ಮೊದಲಿಂದನೂ ವೀಕ್ ಐತಿ. ಅದಕ್ಕ..."

"ಎದಿ ನಂದೈತಿ, ನಾ ನೋಡ್ಕೋತೀನಿ. ನೀ ಆಟೋ ಕರಿ."

ದವಾಖಾನೆಯಲ್ಲಿ ನೀಲವ್ವ ಅರ್ಧ ಕಣ್ಣು ತೆರೆದು, "ಎಷ್ಟ್ ತಡಾ ಮಾಡಿದ್ಯಬೇ ಅಕ್ಕಾ," ಎಂದು ಬೈದಳು. ದನಿ ತೀರ ಸಣ್ಣದಾಗಿತ್ತು. ಗೌರವ್ವನಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು.